ಎಚ್‌ಆರ್ ಓದಬೇಕು ಅಂದರೆ ಎಂಬಿಎಗೆ ಹಾಕಬೇಕಾ, ಎಂಎಸ್‌ಡಬ್ಲ್ಯೂಗೆ ಹಾಕಬೇಕಾ? ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಬಹುತೇಕ ಕಾಲೇಜುಗಳಲ್ಲಿ ‘ಎಂಬಿಎ ಎಚ್‌ಆರ್’ ಅಂತ ಬೇರೆ ಸೀಟು ಇರುವುದಿಲ್ಲ. ನೀವು ಅರ್ಜಿ ಹಾಕುವುದು ಬರೀ ಎಂಬಿಎಗೆ. ಎಚ್‌ಆರ್, ಅಂದರೆ ಮಾನವ ಸಂಪನ್ಮೂಲ ಅನ್ನುವುದು ಎರಡನೇ ವರ್ಷಕ್ಕೆ ಕಾಲಿಟ್ಟಾಗ ಆರಿಸಿಕೊಳ್ಳುವ ವಿಷಯ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಫೀ ಕಟ್ಟಿ ಒಳಗೆ ಹೋಗುತ್ತಾರೆ. ನಮ್ಮ ಸೋದರತ್ತೆಯ ಮಗಳು ಹಾಗೇ ಹೋದಳು. ಮೂರನೇ ಸೆಮಿಸ್ಟರ್ ಬಂದಾಗ ಅವಳ ಬ್ಯಾಚಿನಲ್ಲಿ ಎಚ್‌ಆರ್ ಕೇಳಿದವರು ಆರೇ ಜನ. ಅಷ್ಟು ಜನಕ್ಕೆ ಕ್ಲಾಸ್ ನಡೆಸುವುದು ಆಗುವುದಿಲ್ಲ ಅಂತ ಕಾಲೇಜಿನವರು ಹೇಳಿದರು. ಅವಳು ಮಾರ್ಕೆಟಿಂಗ್ ತಗೊಂಡು ಮುಗಿಸಿದಳು. ಅವರಪ್ಪ ಸಾಲ ಮಾಡಿದ್ದು ಮಗಳು ಎಚ್‌ಆರ್ ಓದುತ್ತಾಳೆ ಅಂತ. ಆವತ್ತಿನಿಂದ ಯಾರೇ ಕೇಳಿದರೂ ನಾನು ಕೋರ್ಸಿನ ಹೆಸರು ಬಿಟ್ಟು ಬೇರೆ ಪ್ರಶ್ನೆಗಳಿಂದ ಶುರು ಮಾಡುತ್ತೇನೆ.

ನಾನು ಓದಿದ್ದು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಕೆಲಸ ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ. ನನ್ನ ಪಕ್ಕದ ಟೇಬಲ್ಲಿನವರು ಎಂಬಿಎ. ಇಬ್ಬರೂ ಒಂದೇ ಕೆಲಸ ಮಾಡುತ್ತೇವೆ. ಆದರೆ ಬಂದ ದಾರಿ ಬೇರೆ, ಬಂದ ಮೇಲೆ ಕಷ್ಟಪಟ್ಟು ಕಲಿತದ್ದೂ ಬೇರೆ. ನನಗೆ ಎಕ್ಸೆಲ್ ಬರುತ್ತಿರಲಿಲ್ಲ, ಅವರಿಗೆ ಕಾರ್ಮಿಕರ ಮುಂದೆ ನಿಂತು ಮಾತಾಡುವುದು ಬರುತ್ತಿರಲಿಲ್ಲ. ಡಿಗ್ರಿ ರಿಸಲ್ಟ್ ಬರುವ ಹೊತ್ತಿಗೆ ಊರ ಕಡೆಯಿಂದ ಫೋನ್ ಬರುವುದಕ್ಕೆ ಶುರುವಾಗುತ್ತದೆ, “ಅಕ್ಕಾ, ಯಾವುದಕ್ಕ ಅಪ್ಲಿಕೇಶನ್ ಹಾಕ್ಲಿ?” ಅಂತ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಈಗ ಬರೆದೇಬಿಡೋಣ ಅನ್ನಿಸಿತು.

ಎಚ್‌ಆರ್ ಅಂದರೆ ಯಾವ ಎಚ್‌ಆರ್?

ಎರಡನೇ ಶಿಫ್ಟ್ ಶುರುವಾಗುವ ಅರ್ಧ ಗಂಟೆ ಮುಂಚೆ ನಮ್ಮ ಟೈಮ್ ಆಫೀಸ್ ಕಿಟಕಿಯ ಹತ್ತಿರ ನಿಂತರೆ ಈ ಕೆಲಸ ಏನು ಅಂತ ಗೊತ್ತಾಗುತ್ತದೆ. ಒಬ್ಬರು ಬಂದು “ಅಕ್ಕಾರ, ನನ್ನ ಪಿಎಫ್ ರೊಕ್ಕ ಬರವಲ್ದ್ರಿ, ಮಗಳ ಮದುವಿ ಐತ್ರಿ” ಅನ್ನುತ್ತಾರೆ. ಆಧಾರ್ ನೋಡಿದರೆ ಅಡ್ಡಹೆಸರು ಕೊನೆಗೆ ಇದೆ. ಪಿಎಫ್ ಖಾತೆಯಲ್ಲಿ ಅಡ್ಡಹೆಸರೇ ಇಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಡುವೆ ತಂದೆಯ ಹೆಸರು ಸೇರಿಕೊಂಡಿದೆ. ಮೂರೂ ಒಬ್ಬರೇ, ಆದರೆ ಕಂಪ್ಯೂಟರ್‌ಗೆ ಮೂವರು. ಹೆಸರು ತಿದ್ದುವುದಕ್ಕೆ ಕಾರ್ಮಿಕರು, ಕಂಪನಿ ಸೇರಿ ಕೊಡುವ ಜಾಯಿಂಟ್ ಡಿಕ್ಲರೇಷನ್ ಹಾಕಿಸಬೇಕು, ದಾಖಲೆ ಜೋಡಿಸಬೇಕು, ಮದುವೆಯ ಒಳಗೆ ಹಣ ಕೈಗೆ ಸಿಗುವ ಹಾಗೆ ಬೆನ್ನು ಹತ್ತಬೇಕು. ಅವರ ಹಿಂದೆ ನಿಂತವರಿಗೆ ಇಎಸ್ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ಕಾರ್ಡಿನಲ್ಲಿ ಹೆಂಡತಿಯ ಹೆಸರು ಸೇರಿಸಬೇಕು. ಅವರ ಹಿಂದಿನವರು ಗುತ್ತಿಗೆದಾರರ ಕಡೆಯ ಹುಡುಗ, ಹೋದ ತಿಂಗಳ ಓಟಿ ಬಂದಿಲ್ಲ. ಇದು ಪ್ಲಾಂಟ್ ಎಚ್‌ಆರ್. ಕಾರ್ಮಿಕರು, ಯೂನಿಯನ್, ಶಿಫ್ಟ್, ಕ್ಯಾಂಟೀನ್, ಅಪಘಾತ, ಲೇಬರ್ ಆಫೀಸು, ಇದೇ ಇದರ ಜಗತ್ತು.

ಇನ್ನೊಂದು ಎಚ್‌ಆರ್ ಬೆಂಗಳೂರು, ಪುಣೆ ಕಡೆಯದು. ಹುಬ್ಬಳ್ಳಿಯ ಐಟಿ ಕಂಪನಿಗಳಲ್ಲೂ ಸ್ವಲ್ಪ ಇದೆ. ಅಲ್ಲಿ ದಿನವಿಡೀ ರೆಸ್ಯೂಮೆ ನೋಡುವುದು, ಅಭ್ಯರ್ಥಿಗಳಿಗೆ ಫೋನ್ ಮಾಡುವುದು, ಇಂಟರ್‌ವ್ಯೂ ಜೋಡಿಸುವುದು, ಆಫರ್ ಕೊಟ್ಟವರು ಸೇರುತ್ತಾರೋ ಇಲ್ಲವೋ ಅಂತ ಕಾಯುವುದು, ವರ್ಷದ ಕೊನೆಗೆ ಅಪ್ರೈಸಲ್. ಇಂಗ್ಲಿಷ್ ಮಾತು ಚೆನ್ನಾಗಿರಬೇಕು, ಲೆಕ್ಕ-ಪತ್ರದ ತಿಳಿವಳಿಕೆ ಬೇಕು. ಸಂಬಳ ಬೇಗ ಏರುತ್ತದೆ, ಕೆಲಸ ಬದಲಾಯಿಸುವುದೂ ಸುಲಭ.

ಯಾವುದೂ ಮೇಲಲ್ಲ, ಕೀಳಲ್ಲ. ಆದರೆ ನಿಮಗೆ ಕಿಟಕಿಯ ಮುಂದಿನ ಜನ ಇಷ್ಟವಾಗುತ್ತಾರಾ, ಫೋನು-ಲ್ಯಾಪ್‌ಟಾಪ್ ಮೇಲಿನ ಕೆಲಸ ಇಷ್ಟವಾಗುತ್ತದಾ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ಒಂದು ವಾರ ಕೂತು ಯೋಚನೆ ಮಾಡಿ. ಕಿಟಕಿಯ ಮುಂದಿನ ಜನ ಬೇಕು ಅನ್ನುವವರಿಗೆ, ಇದೇ ಸೀಮೆಯಲ್ಲಿ ಬದುಕು ಕಟ್ಟಿಕೊಳ್ಳಬೇಕು ಅನ್ನುವವರಿಗೆ ನಾನು ಎಂಎಸ್‌ಡಬ್ಲ್ಯೂ ಹೇಳುತ್ತೇನೆ. ಹೊರಗೆ ಹೋಗಬೇಕು, ಕಾರ್ಪೊರೇಟ್ ಕಡೆ ಬೆಳೆಯಬೇಕು ಅನ್ನುವವರಿಗೆ ಎಂಬಿಎ. ಈಗಾಗಲೇ ಕೆಲಸದಲ್ಲಿ ಇರುವವರಿಗೆ ಮಾತ್ರ ದೂರಶಿಕ್ಷಣ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಎಂಎಸ್‌ಡಬ್ಲ್ಯೂ: ಸಮಾಜಸೇವೆ ಅಂದುಕೊಂಡು ಬಿಟ್ಟುಬಿಡಬೇಡಿ

ಮನೆಯಲ್ಲಿ ಎಂಎಸ್‌ಡಬ್ಲ್ಯೂ ಅಂದ ತಕ್ಷಣ “ಎನ್‌ಜಿಒದಾಗ ಕೆಲಸಾ ಮಾಡ್ತಿಯೇನ?” ಅಂತ ಕೇಳುತ್ತಾರೆ. ನನ್ನ ಅಪ್ಪನೂ ಕೇಳಿದ್ದರು. ವಿಷಯ ಏನೆಂದರೆ ನಮ್ಮ ದೇಶದಲ್ಲಿ ಎಚ್‌ಆರ್ ಹುಟ್ಟಿದ್ದೇ ಈ ಕಡೆಯಿಂದ. ಮಿಲ್ಲುಗಳಲ್ಲಿ ಕೆಲಸಕ್ಕೆ ಜನ ಸೇರಿಸುತ್ತಿದ್ದ ಜಾಬರ್‌ಗಳ ಲಂಚ, ದಬ್ಬಾಳಿಕೆ ತಪ್ಪಿಸುವುದಕ್ಕೆ ಲೇಬರ್ ಆಫೀಸರ್‌ಗಳನ್ನು ನೇಮಿಸಿ ಅಂತ 1931ರಲ್ಲಿ ಬ್ರಿಟಿಷ್ ಸರ್ಕಾರದ ಕಾರ್ಮಿಕ ಆಯೋಗ, ಅಂದರೆ ರಾಯಲ್ ಕಮಿಷನ್ ಹೇಳಿತು. 1936ರಲ್ಲಿ ಮುಂಬೈಯಲ್ಲಿ ಶುರುವಾದ ಸಮಾಜಕಾರ್ಯದ ಶಾಲೆಯೇ ಇವತ್ತಿನ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್, ಅಂದರೆ ಟಿಸ್. ದೇಶದಲ್ಲಿ ಎಚ್‌ಆರ್‌ಗೆ ಅತಿ ಹೆಸರಾದ ಕೋರ್ಸುಗಳಲ್ಲಿ ಒಂದು ಇರುವುದು ಅಲ್ಲೇ. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಂ, 500 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರು ಇರುವ ಕಾರ್ಖಾನೆಯಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡುವ ವೆಲ್ಫೇರ್ ಆಫೀಸರ್ ಇರಲೇಬೇಕು ಅಂದಿತು. ಆ ಹುದ್ದೆಗೆ ಬರುತ್ತಿದ್ದವರಲ್ಲಿ ಸಮಾಜಕಾರ್ಯ ಓದಿದವರು ಬಹಳ.

2025ರ ನವೆಂಬರ್ 21ರಿಂದ ಹೊಸ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ 29 ಕಾಯ್ದೆಗಳು ಅವುಗಳ ಒಳಗೆ ಸೇರಿಕೊಂಡಿವೆ. ಅದರಲ್ಲಿ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ವೆಲ್ಫೇರ್ ಆಫೀಸರ್ ವಿಷಯದಲ್ಲಿ 500ರ ಮಿತಿಯನ್ನು 250ಕ್ಕೆ ಇಳಿಸಿದೆ. ಇದು ಸಣ್ಣ ಬದಲಾವಣೆ ಅಲ್ಲ. ನಮ್ಮ ಬೇಲೂರು, ತಾರಿಹಾಳ, ಗೋಕುಲ ರಸ್ತೆ ಕಡೆ ಇರುವ ಕಾರ್ಖಾನೆಗಳು ಬೃಹತ್ ಅಲ್ಲ, ಮಧ್ಯಮ ಗಾತ್ರದವೇ ಜಾಸ್ತಿ. ಅಂಥ ಕಡೆ ಓದಿದವರಿಗೆ ಬಾಗಿಲು ತೆರೆಯುತ್ತದೆ ಅಂತ ನನ್ನ ನಂಬಿಕೆ.

ಎಂಎಸ್‌ಡಬ್ಲ್ಯೂದ ದೊಡ್ಡ ಬಲ ಫೀಲ್ಡ್‌ವರ್ಕ್. ಮೊದಲ ಸೆಮಿಸ್ಟರಿನಿಂದಲೇ ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಕ್ಲಾಸ್ ಬಿಟ್ಟು ಹೊರಗೆ ಹೋಗಬೇಕು, ಹೋಗಿಬಂದು ವರದಿ ಬರೆಯಬೇಕು, ಅದನ್ನು ಗುರುಗಳು ಓದಿ ಮುಂದೆ ಕೂರಿಸಿಕೊಂಡು ಮಾತಾಡುತ್ತಾರೆ. ಕೊನೆಗೆ ಒಂದು ತಿಂಗಳಷ್ಟು ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಬಿಡುವಿಲ್ಲದೆ ಒಂದೇ ಕಡೆ ತರಬೇತಿ. ನನ್ನನ್ನು ಒಮ್ಮೆ ಒಂದು ಸಣ್ಣ ಫೌಂಡ್ರಿಗೆ ಹಾಕಿದ್ದರು. ಮೊದಲ ಮೂರು ವಾರ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ವಾರ ಊಟದ ಹೊತ್ತಿಗೆ ನಾನೂ ಬುತ್ತಿ ಬಿಚ್ಚಿ ಅವರ ಸಾಲಿನಲ್ಲೇ ನೆಲದ ಮೇಲೆ ಕೂತೆ. ಒಬ್ಬ ಹಿರಿಯರು ನನ್ನ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ, “ಯಾವೂರವ್ವಾ ನಿಂದು?” ಅಂದರು. ಅವತ್ತು ಸಂಜೆ ಆ ಫೌಂಡ್ರಿಯಲ್ಲಿ ಕೈಗವಸು ಮೂರು ತಿಂಗಳಿಂದ ಬಂದಿಲ್ಲ ಅನ್ನುವುದು ನನಗೆ ಗೊತ್ತಾಯಿತು. ಅದು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ. ಇವತ್ತಿಗೂ ನನ್ನ ಕೆಲಸದ ಅರ್ಧ ಭಾಗ ಅವತ್ತು ಕಲಿತದ್ದೇ.

ಇಷ್ಟೆಲ್ಲ ಹೇಳಿದರೂ ಕೊರತೆಗಳಿವೆ. ಎಂಎಸ್‌ಡಬ್ಲ್ಯೂನಲ್ಲೂ ಎಚ್‌ಆರ್ ಅನ್ನುವುದು ಒಂದು ಸ್ಪೆಷಲೈಸೇಶನ್ ಮಾತ್ರ. ಸಮುದಾಯ ಅಭಿವೃದ್ಧಿ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಅಂತ ಬೇರೆಯವೂ ಇರುತ್ತವೆ, ಕೆಲವು ಕಡೆ ಎಚ್‌ಆರ್ ಇರುವುದೇ ಇಲ್ಲ. ಆಮೇಲೆ ಸ್ಯಾಲರಿ ಶೀಟ್, ಎಕ್ಸೆಲ್, ಡೇಟಾ ಈ ಕಡೆ ಕ್ಲಾಸಿನಲ್ಲಿ ಬಹಳ ಕಡಿಮೆ ಕಲಿಸುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಹಾಜರಿಯ ಶೀಟು ಮುಂದೆ ಇಟ್ಟುಕೊಂಡು ನಾನು ಒದ್ದಾಡಿದ್ದೇನೆ. ಐಟಿ ಕಂಪನಿಗಳ ಜಾಹೀರಾತಿನಲ್ಲಿ ಎಂಬಿಎ ಅಂತಲೇ ಬರೆದಿರುವುದೂ ನಿಜ.

ಎಲ್ಲೆಲ್ಲಿ ಇದೆ ಅಂದರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗ ಇದೆ. ಗದಗಿನ ನಾಗಾವಿಯಲ್ಲಿ 2016ರ ಕಾಯ್ದೆಯಿಂದ ಬಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲೂ ಎಂಎಸ್‌ಡಬ್ಲ್ಯೂ ಇದೆ, ಆದರೆ ಹೆಸರೇ ಹೇಳುವ ಹಾಗೆ ಅಲ್ಲಿನ ಒಲವು ಹಳ್ಳಿ, ಪಂಚಾಯಿತಿ, ಸಮುದಾಯದ ಕಡೆಗೆ. ಕಾರ್ಖಾನೆಯ ಎಚ್‌ಆರ್ ಬೇಕು ಅನ್ನುವವರು ಅಲ್ಲಿನ ಪತ್ರಿಕೆಗಳ ಪಟ್ಟಿಯನ್ನು ಒಮ್ಮೆ ಓದಿಯೇ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳಿಗೆ ಮಾತ್ರ ಅಂತ ಮನೆಯಲ್ಲಿ ಹಟ ಮಾಡಿದರೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ. ಎಂಎಸ್‌ಡಬ್ಲ್ಯೂಗೆ ಪಿಜಿಸಿಇಟಿ, ಅಂದರೆ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕಿಲ್ಲ, ವಿಶ್ವವಿದ್ಯಾಲಯಗಳೇ ನೇರವಾಗಿ ಅರ್ಜಿ ಕರೆಯುತ್ತವೆ. ಯಾವ ಡಿಗ್ರಿಯಾದರೂ ನಡೆಯುತ್ತದೆ, ಬಿಎಸ್‌ಡಬ್ಲ್ಯೂ (ಸಮಾಜಕಾರ್ಯದ ಡಿಗ್ರಿ) ಮಾಡಿದವರಿಗೆ ಸಾಮಾನ್ಯವಾಗಿ ಒಂದಿಷ್ಟು ಆದ್ಯತೆ ಸಿಗುತ್ತದೆ. ಅರ್ಜಿ ಕರೆದಿರುವ ದಿನಗಳು ಕಡಿಮೆ ಇರುತ್ತವೆ, ಬಹಳ ಜನ ತಪ್ಪಿಸಿಕೊಳ್ಳುವುದು ಇಲ್ಲೇ. ರಿಸಲ್ಟ್ ಬಂದ ಮೇಲೆ ವಾರಕ್ಕೆರಡು ಸಲ ವೆಬ್‌ಸೈಟ್ ನೋಡಿ.

ಎಂಬಿಎ: ಪರೀಕ್ಷೆ ಸುಲಭ, ಆಯ್ಕೆಯ ಪಟ್ಟಿ ಕಷ್ಟ

ಸರ್ಕಾರಿ ಸೀಟು ಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಬರೆಯಬೇಕು. 100 ಪ್ರಶ್ನೆ, 100 ಅಂಕ, 2 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಗ್ಲಿಷ್, ತರ್ಕ, ಲೆಕ್ಕ, ಸಾಮಾನ್ಯ ಜ್ಞಾನ. ಡಿಗ್ರಿಯಲ್ಲಿ 50% ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1 ಆದರೆ 45%. ಅಂಕ ಕಳೆಯುವುದಿಲ್ಲ ಅಂದ ಮೇಲೆ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಎರಡು ತಿಂಗಳು ದಿನಕ್ಕೆ ಎರಡು ಗಂಟೆ ಕೂತರೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಇದು ಎಟುಕುತ್ತದೆ. ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟಿಗೆ ಕೆಮ್ಯಾಟ್, ಸಿಮ್ಯಾಟ್, ಮ್ಯಾಟ್ ಈ ಪ್ರವೇಶ ಪರೀಕ್ಷೆಗಳ ಅಂಕ ಕೇಳುತ್ತಾರೆ.

ಕಷ್ಟ ಇರುವುದು ಪರೀಕ್ಷೆ ಆದ ಮೇಲೆ. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಹಾಕಬೇಕು. “ನನ್ನ ರ್‍ಯಾಂಕಿಗೆ ಇದು ಸಿಗಲಿಕ್ಕಿಲ್ಲ” ಅಂತ ಒಳ್ಳೆಯ ಕಾಲೇಜನ್ನು ಕೆಳಗೆ ಹಾಕುವುದು ದೊಡ್ಡ ತಪ್ಪು. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತದೆ, ಮೊದಲು ಸಿಕ್ಕದ್ದನ್ನು ಕೊಡುತ್ತದೆ. ಕೆಳಗಿನದು ಸಿಕ್ಕರೆ ಮೇಲಿನದಕ್ಕೆ ಆಸೆ ಪಟ್ಟಿದ್ದರಿಂದ ಏನೂ ನಷ್ಟ ಆಗುವುದಿಲ್ಲ. ಸೀಟು ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್ ಬರುತ್ತವೆ. ಒಂದನೆಯದು ಅಂದರೆ ಇದೇ ಸಾಕು, ಫೀ ಕಟ್ಟಿ ಸೇರುತ್ತೇನೆ. ಎರಡನೆಯದು ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಕೊಡಿ. ಮೂರನೆಯದು ಇದು ಬೇಡ, ಆದರೆ ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕನೆಯದು ಪೂರಾ ಹೊರಗೆ ಹೋಗುತ್ತೇನೆ ಅಂತ. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು “ನೀವ ಹಾಕ್ರಿ” ಅಂತ ಎದ್ದು ಬಂದು, ಎರಡರ ಬದಲು ಮೂರು ಒತ್ತಿದ್ದರಿಂದ ಕೈಯಲ್ಲಿದ್ದ ಸೀಟು ಕಳೆದುಕೊಂಡವರನ್ನು ನೋಡಿದ್ದೇನೆ. ನೀವೇ ಕೂತು ಒತ್ತಿ.

ಕಾಲೇಜು ಅಂತ ಬಂದರೆ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೇ ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಇಲ್ಲಿಯವರು ಸುಮ್ನೆ ‘ಕೌಸಾಳಿ’ ಅನ್ನುತ್ತಾರೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಹಳಬರಿಗೆ ಅದು ಇನ್ನೂ ಬಿವಿಬಿ. ಇವಲ್ಲದೆ ಬೆಳಗಾವಿಯ ವಿಟಿಯುಗೆ ಸೇರಿದ ಕಾಲೇಜುಗಳಲ್ಲೂ, ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಖಾಸಗಿ ಕಾಲೇಜುಗಳಲ್ಲೂ ಎಂಬಿಎ ಇದೆ. ರಾಣೆಬೆನ್ನೂರು ಕಡೆಯವರಿಗೆ ದಾವಣಗೆರೆ ವಿಶ್ವವಿದ್ಯಾಲಯ ಧಾರವಾಡಕ್ಕಿಂತ ಹತ್ತಿರ, ಅದನ್ನೂ ಪಟ್ಟಿಯಲ್ಲಿ ಇಡಿ.

ಯಾವುದೇ ಕಾಲೇಜಿಗೆ ಹೋದರೂ ಆಫೀಸಿನಲ್ಲಿ ಕೇಳಬೇಡಿ, ಎರಡನೇ ವರ್ಷದವರನ್ನು ಕೇಳಿ. ಹೋದ ಎರಡು ವರ್ಷ ಎಚ್‌ಆರ್ ಕ್ಲಾಸ್ ನಡೆದಿದೆಯಾ? ಎಷ್ಟು ಜನ ಇದ್ದರು? ಎಚ್‌ಆರ್ ಕಲಿಸುವವರು ಕಾಯಂ ಇದ್ದಾರಾ, ಅತಿಥಿ ಉಪನ್ಯಾಸಕರಾ? ಕಾರ್ಮಿಕ ಕಾನೂನಿನ ಪತ್ರಿಕೆ ಇದೆಯಾ, ಅದರಲ್ಲಿ ಹೊಸ ಸಂಹಿತೆಗಳು ಬಂದಿವೆಯಾ? ಇದು ಕೊನೆಯದು ಬಹಳ ಮುಖ್ಯ. ಹೊಸ ಕಾನೂನಿನಲ್ಲಿ ವೇತನ ಅಂದರೆ ಏನು ಅನ್ನುವ ವ್ಯಾಖ್ಯೆಯೇ ಬದಲಾಗಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದರೆ ಜಾಸ್ತಿಯಾದದ್ದು ವೇತನಕ್ಕೇ ಸೇರುತ್ತದೆ, ಅದರಿಂದ ಪಿಎಫ್, ಗ್ರ್ಯಾಚುಟಿ ಲೆಕ್ಕ ಎಲ್ಲ ತಿರುಗುತ್ತದೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರ್ಯಾಚುಟಿ ಬರುತ್ತದೆ. ಹಳೆಯ ನೋಟ್ಸ್ ಓದಿ ಬಂದವರು ಮೊದಲ ಇಂಟರ್‌ವ್ಯೂದಲ್ಲೇ ಸಿಕ್ಕಿಬೀಳುತ್ತಾರೆ.

ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ನನ್ನ ಅಭಿಪ್ರಾಯ ನೇರ. ಪಿಜಿಸಿಇಟಿ ಫಲಿತಾಂಶ ಬರುವ ಮೊದಲೇ “ಸೀಟು ಬ್ಲಾಕ್ ಮಾಡ್ರಿ, ಆಮ್ಯಾಲೆ ಸಿಗೂದಿಲ್ಲ” ಅಂತ ಫೋನ್ ಮಾಡುವವರಿಗೆ ಮುಂಗಡ ಕೊಡಬೇಡಿ. ನಮ್ಮ ಕಡೆ ಹೊಲ ಒತ್ತೆ ಇಟ್ಟು ಓದಿಸುವ ಮನೆಗಳಿವೆ. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಎಚ್‌ಆರ್ ಸಂಬಳ ಅಷ್ಟೊಂದು ದೊಡ್ಡದಲ್ಲ, ಆ ಸಾಲ ತೀರಿಸುವುದಕ್ಕೇ ಹೋಗುತ್ತದೆ.

ಜೆಮ್‌ಶೆಡ್‌ಪುರ, ಮುಂಬೈ

ಎಚ್‌ಆರ್ ಅನ್ನುವುದನ್ನೇ ಹೆಸರಲ್ಲಿ ಇಟ್ಟುಕೊಂಡ, ಮೊದಲ ದಿನದಿಂದ ಅದನ್ನೇ ಕಲಿಸುವ ಕೋರ್ಸು ಬೇಕು ಅಂದರೆ ಜೆಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಮತ್ತು ಮುಂಬೈನ ಟಿಸ್. ಎಕ್ಸ್‌ಎಲ್‌ಆರ್‌ಐಗೆ ಕ್ಸಾಟ್ ಬರೆಯಬೇಕು, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಟಿಸ್ ಮೊದಲು ತನ್ನದೇ ಪರೀಕ್ಷೆ ನಡೆಸುತ್ತಿತ್ತು, ಈಗ ಎಚ್‌ಆರ್ ಕೋರ್ಸಿಗೆ ಕ್ಯಾಟ್ ಅಂಕ ತಗೊಳ್ಳುತ್ತದೆ. ಕ್ಯಾಟ್ ನವೆಂಬರ್ ಕೊನೆಯಲ್ಲಿ, ನೋಂದಣಿ ಮಾತ್ರ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಮುಗಿದುಹೋಗುತ್ತದೆ. ಅಂದರೆ ಡಿಗ್ರಿಯ ಕೊನೆಯ ವರ್ಷದ ಶುರುವಿಗೇ ಮನಸ್ಸು ಮಾಡಿರಬೇಕು. ಲಿಖಿತ ಪರೀಕ್ಷೆ ಆದ ಮೇಲೆ ಇಂಟರ್‌ವ್ಯೂ ಇರುತ್ತದೆ, ‘ಎಚ್‌ಆರ್ ಯಾಕೆ?’ ಅಂತ ಕೇಳುತ್ತಾರೆ. ‘ಜನರ ಜೊತೆ ಬೆರೆಯುವುದು ಇಷ್ಟ’ ಅನ್ನುವ ಉತ್ತರ ಎಲ್ಲರೂ ಕೊಡುತ್ತಾರೆ. ನಿಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲೋ ಬಸ್ ಡಿಪೋದಲ್ಲೋ ಮಿಲ್ಲಿನಲ್ಲೋ ಕೆಲಸ ಮಾಡಿದ್ದರೆ, ಅವರ ಬಡ್ತಿ, ರಜೆ, ಪೆನ್ಷನ್ನಿನ ಕತೆ ನಿಮಗೆ ಗೊತ್ತಿದ್ದರೆ, ಅದನ್ನು ಹೇಳಿ. ಅದು ನಿಮ್ಮದು.

ಫೀ ಜಾಸ್ತಿ, ಪೈಪೋಟಿ ಬಹಳ. ಆದರೂ ನಮ್ಮ ಕಡೆಯ ಚುರುಕಾದ ಮಕ್ಕಳು ಪ್ರಯತ್ನವನ್ನೇ ಮಾಡುವುದಿಲ್ಲವಲ್ಲ ಅಂತ ನನಗೆ ನೋವು. ಸೀಟು ಸಿಕ್ಕರೆ ಬ್ಯಾಂಕುಗಳು ಸಾಲ ಕೊಡುತ್ತವೆ. ಒಂದು ಸಲ ಬರೆದು ನೋಡಿ.

ದೂರಶಿಕ್ಷಣ ಮತ್ತು ‘ಫುಲ್ ಟೈಮ್’ ಅನ್ನುವ ಎರಡು ಪದ

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ ಎಚ್‌ಆರ್ ಎಂಬಿಎ ಇದೆ, ಈಗ ಅದಕ್ಕೆ ಪ್ರವೇಶ ಪರೀಕ್ಷೆಯೂ ಬೇಕಿಲ್ಲ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಬ್ಯಾಚಿಗೆ ಪ್ರವೇಶ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ. ಯಾವುದೇ ದೂರಶಿಕ್ಷಣಕ್ಕೆ ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ, ಮೂರೂ ಇವೆಯಾ ನೋಡಿ. ಈಗ ಆ ವಿಭಾಗದ ಪೋರ್ಟಲ್ಲಿನಲ್ಲಿ ಡೆಬ್ ಐಡಿ ಅಂತ ಒಂದು ಗುರುತಿನ ಸಂಖ್ಯೆ ನೀವೇ ಮಾಡಿಕೊಳ್ಳಬೇಕು, ಅದಿಲ್ಲದೆ ಪ್ರವೇಶ ಆಗುವುದಿಲ್ಲ. ಕಾನೂನಿನ ಪ್ರಕಾರ ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ.

ಆದರೆ ಕೆಲಸದ ಜಾಹೀರಾತು ಬೇರೆ ಮಾತು ಹೇಳುತ್ತದೆ. ಉದಾಹರಣೆಗೆ ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ನಡೆಸುವ ಸ್ಪೆಷಲಿಸ್ಟ್ ಆಫೀಸರ್ ಪರೀಕ್ಷೆಯಲ್ಲಿ ಎಚ್‌ಆರ್/ಪರ್ಸನಲ್ ಆಫೀಸರ್ ಹುದ್ದೆ ಇದೆ. ಅದಕ್ಕೆ ಕೇಳುವುದು ಎರಡು ವರ್ಷದ ‘ಫುಲ್ ಟೈಮ್’ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ. ವಿಷಯ ಪರ್ಸನಲ್ ಮ್ಯಾನೇಜ್‌ಮೆಂಟ್, ಇಂಡಸ್ಟ್ರಿಯಲ್ ರಿಲೇಷನ್ಸ್, ಎಚ್‌ಆರ್, ಸೋಷಿಯಲ್ ವರ್ಕ್, ಲೇಬರ್ ಲಾ ಇವುಗಳಲ್ಲಿ ಯಾವುದಾದರೂ ಆಗಬಹುದು. ನೋಡಿ, ಎಂಎಸ್‌ಡಬ್ಲ್ಯೂ ಇಲ್ಲಿ ಎಂಬಿಎಗೆ ಸಮ ನಿಂತಿದೆ, ದೂರಶಿಕ್ಷಣ ಮಾತ್ರ ಹೊರಗೆ. ಇನ್ನೊಂದು ಷರತ್ತನ್ನು ಬಹಳ ಜನ ಓದುವುದೇ ಇಲ್ಲ: ಎಂಬಿಎನಲ್ಲಿ ಎರಡು ಸ್ಪೆಷಲೈಸೇಶನ್ ಇದ್ದರೆ ಒಂದು ಎಚ್‌ಆರ್ ಇರಬೇಕು, ಮೇಜರ್-ಮೈನರ್ ಅಂತ ಇದ್ದರೆ ಎಚ್‌ಆರ್ ಮೇಜರ್ ಆಗಿರಬೇಕು, ಎರಡಕ್ಕಿಂತ ಜಾಸ್ತಿ ಸ್ಪೆಷಲೈಸೇಶನ್ ಇದ್ದವರು ಅರ್ಹರೇ ಅಲ್ಲ. ಮೂರನೇ ಸೆಮಿಸ್ಟರಿನಲ್ಲಿ ಗೆಳತಿಯರ ಜೊತೆ ಇರಬೇಕು ಅಂತ ಫೈನಾನ್ಸ್ ಆರಿಸಿಕೊಂಡು ಎಚ್‌ಆರ್ ಅನ್ನು ಮೈನರ್ ಮಾಡಿದರೆ ಈ ಬಾಗಿಲು ಮುಚ್ಚುತ್ತದೆ.

ಉಪನ್ಯಾಸಕರಾಗಬೇಕು ಅನ್ನುವವರಿಗೂ ಒಂದು ಮಾತು. ಯುಜಿಸಿ ನೆಟ್‌ನಲ್ಲಿ ಸಮಾಜಕಾರ್ಯದ ಕೋಡ್ 10, ಕಾರ್ಮಿಕ ಕಲ್ಯಾಣ ಮತ್ತು ಎಚ್‌ಆರ್‌ನ ಕೋಡ್ 55. ಪವರ್‌ಗ್ರಿಡ್‌ನಂಥ ಕೇಂದ್ರದ ಕಂಪನಿಗಳು ಎಚ್‌ಆರ್ ಟ್ರೈನಿಗಳನ್ನು ನೆಟ್ ಅಂಕದ ಮೇಲೆ ಕರೆದದ್ದಿದೆ. ಹಾಗಾಗಿ ಕೋಡ್ 55 ಓದಿದ್ದು ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ದೂರಶಿಕ್ಷಣ ಯಾರಿಗೆ? ಟೈಮ್ ಆಫೀಸಿನಲ್ಲಿ, ಅಕೌಂಟ್ಸ್‌ನಲ್ಲಿ, ಗುತ್ತಿಗೆದಾರರ ಹತ್ತಿರ ಸೂಪರ್‌ವೈಸರ್ ಆಗಿ ಈಗಾಗಲೇ ನಾಲ್ಕೈದು ವರ್ಷ ಕೆಲಸ ಮಾಡಿ, ಬಡ್ತಿಗೆ ಒಂದು ಪದವಿ ಬೇಕು ಅನ್ನುವವರಿಗೆ. ಅಂಥವರು ಕೆಲಸ ಬಿಟ್ಟು ಎರಡು ವರ್ಷ ಕ್ಲಾಸಿಗೆ ಹೋಗುವುದು ಬೇಕಿಲ್ಲ. ಹೊಸದಾಗಿ ಡಿಗ್ರಿ ಮುಗಿಸಿದವರು ಮಾತ್ರ, ಮನೆಯ ಪರಿಸ್ಥಿತಿ ತೀರಾ ಬಿಗಿ ಇಲ್ಲದಿದ್ದರೆ, ಈ ದಾರಿ ಹಿಡಿಯಬೇಡಿ.

ಹಾಸ್ಟೆಲ್ಲಾ, ಅಪ್-ಡೌನಾ?

ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಸುಮಾರು 75. ಗದಗಿನಿಂದ ರೈಲಿಗೆ ಅಪ್-ಡೌನ್ ಮಾಡಿ ಓದಿದವರು ಬೇಕಾದಷ್ಟಿದ್ದಾರೆ. ವಿದ್ಯಾನಗರದ ಕಾಲೇಜಾದರೆ ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ ಹತ್ತಿದರೆ ಸಾಕು. ಧಾರವಾಡದ ವಿಶ್ವವಿದ್ಯಾಲಯವಾದರೆ ಮತ್ತೆ 20 ಕಿಲೋಮೀಟರ್, ಅಲ್ಲಿಂದ ಇನ್ನೊಂದು ಬಸ್. ಎಂಬಿಎಗೆ ಇದು ಹೇಗೋ ನಡೆಯುತ್ತದೆ. ಎಂಎಸ್‌ಡಬ್ಲ್ಯೂಗೆ ನಡೆಯುವುದಿಲ್ಲ. ಫೀಲ್ಡ್‌ವರ್ಕ್ ದಿನ ಕಾರ್ಖಾನೆಯ ಶಿಫ್ಟ್ ಪ್ರಕಾರ ಇರಬೇಕು, ಸಂಜೆ ಬಂದು ವರದಿ ಬರೆಯಬೇಕು. ಹಾಸ್ಟೆಲ್ಲಿಗೆ ಅರ್ಜಿ ಹಾಕಿ. ಪ್ರವೇಶ ಆದ ತಕ್ಷಣ ಹಿಂದುಳಿದ ವರ್ಗ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲು ಮತ್ತು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಿನ ವಿದ್ಯಾರ್ಥಿವೇತನ ಎರಡಕ್ಕೂ ಹಾಕಿಬಿಡಿ, ತಡ ಮಾಡಬೇಡಿ.

ಹಾವೇರಿ ಕಡೆಯವರು ಒಂದು ವಿಷಯ ನೆನಪಿಡಿ. ನಿಮ್ಮ ಜಿಲ್ಲೆಯಲ್ಲೇ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ದೊಡ್ಡ ಪಾಲಿಫೈಬರ್ ಕಾರ್ಖಾನೆ ಇದೆ. ಬ್ಲಾಕ್ ಪ್ಲೇಸ್‌ಮೆಂಟಿಗೋ ಇಂಟರ್ನ್‌ಶಿಪ್ಪಿಗೋ ಅಂಥ ಕಡೆ ಸಿಕ್ಕರೆ ಯೂನಿಯನ್, ಮಾತುಕತೆ, ಒಪ್ಪಂದ ಇವುಗಳನ್ನು ಕಣ್ಣಾರೆ ನೋಡಬಹುದು. ಸಣ್ಣ ಆಫೀಸಿನಲ್ಲಿ ಕೂತು ಪ್ರಾಜೆಕ್ಟ್ ರಿಪೋರ್ಟ್ ನಕಲು ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಕಾಗದ ಪತ್ರ

ಇಲ್ಲಿ ಮತ್ತೆ ಆ ಅಡ್ಡಹೆಸರಿನ ಕತೆಯೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಡಿಗ್ರಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ನಾಲ್ಕನ್ನೂ ಮುಂದೆ ಇಟ್ಟು ಹೆಸರು ಅಕ್ಷರ ಅಕ್ಷರ ಹೊಂದಿಸಿ ನೋಡಿ. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ಇನಿಷಿಯಲ್, ಮತ್ತೊಂದರಲ್ಲಿ ಅಪ್ಪನ ಹೆಸರು ಇರುವುದು ಮಾಮೂಲು. ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹಾಗೆ ಆಧಾರ್ ತಿದ್ದಿಸಿಕೊಳ್ಳುವುದು ಸುಲಭ, ತಿರುಗಿ ಮಾಡುವುದು ಬಹಳ ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಿ, ಅರ್ಜಿ ಬಿಟ್ಟ ಮೇಲೆ ಎಲ್ಲರೂ ಆಧಾರ್ ಕೇಂದ್ರದ ಮುಂದೆ ಸಾಲು ನಿಂತಿರುತ್ತಾರೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತಾರೆ, ನಾಡಕಚೇರಿಯಿಂದ ತಗೊಳ್ಳುವಾಗಲೇ ಅವಧಿ ಇದೆಯಾ ನೋಡಿಕೊಳ್ಳಿ. ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿದ್ದರೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಸಂವಿಧಾನದ 371ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದವರಿಗೆ ಮಾತ್ರ, ಗದಗ ಜಿಲ್ಲೆಗೆ ಇಲ್ಲ, ಪಕ್ಕದ ಕೊಪ್ಪಳಕ್ಕೆ ಇದೆ. ಮುಂಡರಗಿ, ಗಜೇಂದ್ರಗಡ ಕಡೆಯವರು ಗಡಿಯಲ್ಲಿ ಇರುವುದರಿಂದ ಗೊಂದಲ ಮಾಡಿಕೊಳ್ಳುತ್ತಾರೆ. ಅದನ್ನು ಟಿಕ್ ಮಾಡಿ ಪತ್ರ ಇಲ್ಲದೆ ಪರಿಶೀಲನೆಯಲ್ಲಿ ತೊಂದರೆಗೆ ಬೀಳಬೇಡಿ.

ಎಂಎಸ್‌ಡಬ್ಲ್ಯೂ, ಎಂಬಿಎ ಎರಡಕ್ಕೂ ಅರ್ಜಿ ಹಾಕುವುದು ತಪ್ಪಲ್ಲ, ನಾನು ಎಲ್ಲರಿಗೂ ಹಾಗೇ ಹೇಳುತ್ತೇನೆ. ಎರಡೂ ಸಿಕ್ಕಾಗ ಮಾತ್ರ ನಿಜವಾದ ಆಯ್ಕೆ ಬರುತ್ತದೆ. ಆಗ ಫೀ ಕಟ್ಟುವ ಮೊದಲು ಒಂದು ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ವಿಭಾಗಕ್ಕೆ ಹೋಗಿ, ಮಧ್ಯಾಹ್ನ ಇನ್ನೊಂದಕ್ಕೆ. ಹೋದ ವರ್ಷದ ಹುಡುಗ-ಹುಡುಗಿಯರು ಫೀಲ್ಡ್‌ವರ್ಕ್, ಇಂಟರ್ನ್‌ಶಿಪ್ ಎಲ್ಲಿ ಮಾಡಿದರು, ಯಾವ ಕಾರ್ಖಾನೆಯ ಹೆಸರು, ಅಲ್ಲಿ ಏನು ಕೆಲಸ ಕೊಟ್ಟರು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಊಟದ ಹೊತ್ತಿಗೆ ಹೋಗಿ, ಆಗ ಎರಡನೇ ವರ್ಷದವರು ಕ್ಯಾಂಟೀನಿನಲ್ಲಿ ಸಿಗುತ್ತಾರೆ.